ಪುಡಿ ಸಾಹುಕಾರರ ಸೋಮವಾರ

ನಮ್ಮ ಮನೆಯವರಷ್ಟು ದೊಡ್ಡ ವ್ಯಾಪಾರಿ ಕೊಳ್ಳೇಗಾಲದಲ್ಲಿ ಇನ್ನೊಬ್ಬರು ಹುಟ್ಟಿರಲಿಲ್ಲ. ಊರಿನ ಮಿಕ್ಕ ವರ್ತಕರು ರೇಷ್ಮೆ ಮಾರಿ ಮಹಡಿ ಮನೆ ಕಟ್ಟಿಸುತ್ತಿದ್ದ ಕಾಲದಲ್ಲಿ ಇವರು ಹಲ್ಲುಪುಡಿ ಮಾರಲು ಹೊರಟರು. ಅದೂ ಯಾರಿಗೆ? ಬೆಳಗೆದ್ದು ಬೇವಿನ ಕಡ್ಡಿ ಮುರಿದು, ಅದಿಲ್ಲದಿದ್ದರೆ ಒಲೆಯ ಇದ್ದಿಲು ಅಗಿದು, ಮೊಮ್ಮಕ್ಕಳ ಮದುವೆಯಲ್ಲೂ ಹಲ್ಲಿನಿಂದಲೇ ಕಬ್ಬು ಸಿಗಿಯುವ ಹನೂರು ಸೀಮೆಯ ಜನಕ್ಕೆ!

ಈ ಮಹಾನುಭಾವರ ಹೆಸರೇನೆಂದು ಕೇಳುತ್ತೀರಾ? ಹೇಳುವುದಿಲ್ಲ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳಬಾರದು. ಬೈಯಬಾರದು ಎಂದು ಮಾತ್ರ ಯಾರೂ ಕಟ್ಟು ಮಾಡಿಲ್ಲ, ನನ್ನ ಪುಣ್ಯ!

ಪುಡಿ ಕುಟ್ಟುವವಳು ನಾನು. ಭತ್ತದ ಹೊಟ್ಟು ಸುಟ್ಟು, ಉಪ್ಪು, ಲವಂಗ, ಅಳಲೆಕಾಯಿ ಸೇರಿಸಿ ಒರಳಿನಲ್ಲಿ ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು ಪೊಟ್ಟಣ ಕಟ್ಟುವಷ್ಟರಲ್ಲಿ ನನ್ನ ಮುಖಕ್ಕೂ ಒಲೆಯ ಹಿಂದಿನ ಗೋಡೆಗೂ ವ್ಯತ್ಯಾಸ ಉಳಿಯುತ್ತಿರಲಿಲ್ಲ. ಮಾರುವುದು ಅವರ ಕೆಲಸ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲವಲ್ಲ, ಗಂಡಸರೂ ಜಗಲಿಯ ಮೇಲೆ ಸಿಗುತ್ತಾರೆ ಎಂಬುದು ಇವರ ಘನವಾದ ಲೆಕ್ಕಾಚಾರ. ಬೆಳಗಿನ ಬಸ್ಸಿನ ಮೇಲೆ ಸೈಕಲ್ ಹಾಕಿಸಿ ಕೌದಳ್ಳಿಯಲ್ಲಿ ಇಳಿಯುವುದು, ಅಲ್ಲಿಂದ ದಾರಿಯ ಊರುಗಳನ್ನೆಲ್ಲ ಮುಟ್ಟುತ್ತ ಹನೂರಿನ ಮೇಲೆ ತುಳಿದುಕೊಂಡು ಬರುವುದು. ಗುರುವಾರ ಯಳಂದೂರು, ಮಾಂಬಳ್ಳಿ. ಮಳೆಯಾಗಲಿ, ನೆಂಟರ ಮದುವೆಯಾಗಲಿ, ಈ ಸುತ್ತು ತಪ್ಪಿದ್ದಿಲ್ಲ. ಮಗಳು ಹುಟ್ಟಿದ್ದು ಒಂದು ಸೋಮವಾರ. "ಮಗೂನ ಸಂಜೇಗೂ ನೋಡ್ಬೋದು ಕಣೆ, ಕೌದಳ್ಳಿಯೋರು ಈಗ್ಲೇ ಕಾಯ್ತಾ ಇರ್ತರೆ" ಎಂದು ಹೊರಟೇಬಿಟ್ಟ ಪುಣ್ಯಾತ್ಮರು!

ಹೊರಡುವುದಾದರೂ ನೆಟ್ಟಗೆ ಹೊರಡುತ್ತಿದ್ದರೇ? ಪೆಡಲಿನ ಮೇಲೊಂದು ಕಾಲಿಟ್ಟು ಬಾಗಿಲ ಮುಂದೆ ನಿಂತೇ ಇರುವರು. ಬೆಲ್ಲು ಒರೆಸುವರು, ಟೈರು ಒತ್ತಿ ನೋಡುವರು, ಸುಮ್ಮನೆ ನನ್ನ ಕಡೆ ನೋಡುವರು. ನನಗೆ ರೇಗಿ, ಬಾಯಿಗೆ ಬಂದದ್ದೊಂದು ಬೈದ ಮೇಲೇ ಸವಾರಿ ಮುಂದಕ್ಕೆ! ಬೈಸಿಕೊಳ್ಳದೆ ಇವರಿಗೆ ತಿಂದದ್ದು ಅರಗುವುದಿಲ್ಲ ಎಂದುಕೊಂಡಿದ್ದೆ.

ಇನ್ನು ಇವರ ವ್ಯಾಪಾರದ ವೈಖರಿ. ಮನೆಮನೆಗೆ ಹೋಗುವುದು, ನೀರು ಕುಡಿಯುವುದು, ಹಸು ಈದಿತಾ, ಸೊಸೆ ತೌರಿಂದ ಬಂದಳಾ ಎಂದು ವಿಚಾರಿಸುವುದು, ಎದ್ದು ಬರುವುದು.

"ಪುಡಿ ತಕಳಿ ಅಂತ ಕೇಳುದ್ರಾ?" ಎಂದರೆ, "ಚೆ, ಓದೇಟ್ಗೇ ಕೇಳಕಾಯ್ತದಾ? ಮದ್ಲು ಬಳಕೆ ಆಗ್ಬೇಕು."

"ವರ್ಸ ಎಲ್ಡಾಯ್ತಲ್ರೀ!"

"ಅದೇ ಮತ್ತೆ! ಈಗೀಗ ನೀರ್ನ ಜೊತೆ ಬೆಲ್ಲಾನೂ ಕೊಡ್ತಾವ್ರೆ."

ಪುಡಿ ಕೊಳ್ಳದಿದ್ದರೂ ಆ ಜನ ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವವರಲ್ಲ. ಕೈಗೊಂದು ಕುಂಬಳಕಾಯಿ ಕೊಡುತ್ತಿದ್ದರು. ಪುಡಿಯ ಚೀಲ ಹೋದ ಹಾಗೇ ವಾಪಸು ಬರುತ್ತಿತ್ತು, ಮೇಲೊಂದು ಕುಂಬಳಕಾಯಿ ಹತ್ತಿಸಿಕೊಂಡು. ಅಟ್ಟ ತುಂಬಿತು. ಹುಳಿ, ಪಲ್ಯ, ಪಾಯಸ ಎಲ್ಲ ಮಾಡಿ ಮುಗಿದು ಬೀದಿಗೆಲ್ಲ ಹಂಚತೊಡಗಿದೆ. ಕೊನೆಕೊನೆಗೆ ನಾನು ಬರುವುದನ್ನು ಕಂಡರೆ ನೆರೆಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ಸೋಮವಾರ ತಡೆಯಲಾರದೆ, "ನಿಮ್ ಬದ್ಲು ಒಂದ್ ಕುಂಬ್ಳಕಾಯ್ನೇ ಮದ್ವೆ ಆಗಿದ್ರೆ ಬೇಯಿಸ್ಕಂಡಾರ ತಿನ್ಬೋದಾಗಿತ್ತು!" ಎಂದೆ. ಮುಖ ಅರಳಿಸಿಕೊಂಡು ಹೊರಟರು. ನಾಚಿಕೆ ಅನ್ನುವುದು ಇದ್ದರೆ ತಾನೇ!

ಒಮ್ಮೆ ಮಾತ್ರ ದೊಡ್ಡ ಜಯಭೇರಿ ಬಾರಿಸಿಕೊಂಡು ಬಂದರು. ಕೌದಳ್ಳಿಯ ಅಜ್ಜಿಯೊಬ್ಬಳು ಮೂರು ಪೊಟ್ಟಣ ಒಟ್ಟಿಗೇ ಕೊಂಡಳಂತೆ! ಮುಂದಿನ ವಾರ ವಿಷಯ ತಿಳಿಯಿತು. ಆಕೆ ಅದರಲ್ಲಿ ದೇವರ ಮನೆಯ ಹಿತ್ತಾಳೆ ದೀಪ ತಿಕ್ಕಿದ್ದಳು. ಕಂಡವರೆಲ್ಲ ತಮ್ಮ ಚೆಂಬು ತಂಬಿಗೆಗೂ ಬೇಕೆಂದರಂತೆ.

"ಕೌದಳ್ಳೀಲಿ ಎಲ್ಲಾರ್ ಮನೆ ಚೆಂಬೂ ಪಳಪಳ ಒಳೀತಾವೆ ಕಣೆ!"

"ಬಾಯಲ್ಲಿರೋ ಅಲ್ಲು?"

"ಅದ್ಕಿನ್ನೂ ಟೈಮ್ ಬೇಕು."

ಮೈಸೂರಿನಲ್ಲಿ ನಮ್ಮಣ್ಣನ ದಿನಸಿ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಇವರು ಬಂದು ನೋಡಿಕೊಳ್ಳಲಿ ಎಂದು ಅವನು ಕರೆದದ್ದೇ ಕರೆದದ್ದು. ರಾಜ್ಯಗಳ ವಿಂಗಡಣೆಯಲ್ಲಿ ಇಡೀ ಕೊಳ್ಳೇಗಾಲವೇ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿಕೊಂಡಿತು. ಇವರೊಬ್ಬರು ಮಾತ್ರ ಒಲ್ಲೆ ಅಂದರು! ಕೊನೆಗೆ ನಾನು ಅನ್ನ ಬಿಟ್ಟು ಕೂತ ಮೇಲೆ ಒಂದು ಕರಾರಿಗೆ ಬಂದರು. "ಸಂಕ್ರಾಂತಿ ಒಳ್ಗೆ ಜನ ತಾವಾಗೇ ಬಂದು ಪುಡಿ ಕೇಳ್ದಿದ್ರೆ, ಈ ಸೈಕಲ್ ಮಾರ್ಬುಟ್ಟು ನಿಮ್ಮಣ್ಣನ ತಕ್ಕಡಿ ಇಡ್ಕತೀನಿ." ಹೇಳುವಾಗ ಅವರ ದನಿ ಸಣ್ಣಗಾಗಿತ್ತು. ನಾನು ಕೇಳಿಸಿಕೊಳ್ಳದವಳ ಹಾಗೆ ಟ್ರಂಕು ಕೆಳಗಿಳಿಸಿದೆ.

ಸಂಕ್ರಾಂತಿ ಇನ್ನೇನು ಬಂತು ಎನ್ನುವಾಗ ಇವರಿಗೆ ಚಳಿಜ್ವರ ಹಿಡಿಯಿತು. ಒಂದು ಸೋಮವಾರ ತಪ್ಪಿತು, ಇನ್ನೊಂದೂ ತಪ್ಪಿತು. ಮಲಗಿದಲ್ಲೇ ಗೋಡೆಗೆ ಒರಗಿದ್ದ ಸೈಕಲ್ಲನ್ನು ನೋಡುತ್ತಿದ್ದರು. ನಾನು ಪಾತ್ರೆಗಳನ್ನು ಟ್ರಂಕಿಗೆ ತುಂಬುತ್ತಿದ್ದಾಗ ಬಾಗಿಲಲ್ಲಿ ಗದ್ದಲವಾಯಿತು.

"ಪುಡಿ ಸಾವ್ಕಾರ್ರ ಮನೆ ಇದೇಯಾ? ಎಲ್ಡ್ ಸೋಮಾರ್ದಿಂದ ಬರ್ನೇ ಇಲ್ವಲ್ಲ, ಏನಾಯ್ತವ್ವ?"

ಕೌದಳ್ಳಿಯ ಅಜ್ಜಿ! ಬೆನ್ನ ಹಿಂದೆ ಹನೂರಿನವರು, ದಾರಿಯ ಊರಿನವರು, ಬಸ್ಸಿನಿಂದ ಇಳಿದ ಒಂದು ದಂಡೇ ಇತ್ತು. ಕಾಯಿಲೆ ನೋಡಲು ಬಂದೆವು ಎಂದು ಬಾಯಿಬಿಟ್ಟು ಹೇಳಲು ಸಂಕೋಚ. "ಪುಡಿ ಮುಗ್ದೋಯ್ತು, ಅದ್ಕೇ ಬಂದೋ" ಎಂದ ಒಬ್ಬ, ಕಿವಿಯ ಸಂದಿಯಲ್ಲಿ ಬೇವಿನ ಕಡ್ಡಿ ಸಿಕ್ಕಿಸಿಕೊಂಡು! ಎಲ್ಲರೂ ಒಬ್ಬರಾದ ಮೇಲೊಬ್ಬರು ಪೊಟ್ಟಣ ಕೇಳಿದರು. ನಾನೇ ತೆಗೆದು ಕೊಟ್ಟೆ. ಅಜ್ಜಿ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು.

"ನೀನೇಯಾ ತಾಯಿ, ಕುಂಬ್ಳಕಾಯ್ನ ಮದ್ವೆ ಆಗಿದ್ರೆ ಬೇಯಿಸ್ಕಂಡು ತಿನ್ಬೋದಾಗಿತ್ತು ಅಂದೋಳು?"

ದಂಡು ದಂಡೇ ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ಸಾವ್ಕಾರ್ರು ಬಂದ್ ಕೂತ್ರೆ ಮದ್ಲು ಕೇಳದೇ ಅದು, ಈ ವಾರ ಮನ್ಲಿ ಏನಂದ್ರು ಅಂತ. ಬೀದಿಯೋರೆಲ್ಲ ಸೇರ್ಕಂಡು ನಗ್ತೀವಿ. ನಗ್ಸಿದ್ ಮೇಲೆ ಕೊನೀಗೆ ಒಂದೇ ಮಾತು ಅವ್ರುದು. ನನ್ ಕೈಲಿ ಏನೂ ಇಲ್ಲ, ಅವ್ಳು ಕುಟ್ಟಿದ್ ಪುಡಿ, ಅವ್ಳು ಆಡಿದ್ ಮಾತು, ಅವೆಲ್ಡ್ನೂ ಒತ್ಕಂಡ್ ತಿರುಗ್ತೀನಿ ಅಂತ."

ಇಷ್ಟು ವರ್ಷ ನನ್ನೆದುರು ಒಂದು ದಿನವೂ ಹೇಳದ ಮಾತನ್ನು ಊರೂರಿಗೆ ಹೇಳಿಕೊಂಡು ಬಂದಿದ್ದರು! ಒಳಗಿನಿಂದ ಕೆಮ್ಮುತ್ತ, "ಯಾರೇ ಅದು, ಪುಡಿ ಕೇಳ್ತಿರೋರು?" ಎಂದರು. ಆ ಸಂಜೆಯೇ ಟ್ರಂಕಿನ ಪಾತ್ರೆಗಳನ್ನು ತೆಗೆದು ಮತ್ತೆ ಗೂಡಿಗೆ ಜೋಡಿಸಿದೆ.

ಜ್ವರ ಬಿಟ್ಟ ಮೇಲಿನ ಸೋಮವಾರ ಸೈಕಲ್ ಇಳಿಸಿದರು. ಪೆಡಲಿನ ಮೇಲೆ ಕಾಲಿಟ್ಟು ನಿಂತರು. ಬೆಲ್ಲು ಒರೆಸಿದರು, ಟೈರು ಒತ್ತಿದರು, ನನ್ನ ಕಡೆ ನೋಡಿದರು. ಬೈಯಬೇಕೆಂದು ಎಷ್ಟು ಹುಡುಕಿದರೂ ನನ್ನ ಹಾಳು ಬಾಯಿಗೆ ಒಂದೂ ಬರಲಿಲ್ಲ.

"ಬಿಸ್ಲೇರೋದ್ರೊಳ್ಗೆ ಓಗಿ. ಜ್ವಾಪಾನ" ಎಂದೆ.

ಅವರು ಕಂಗಾಲಾದರು. "ಇಷ್ಟೇನಾ? ಇದ್ಕೆ ಅಲ್ಲಿ ಯಾರೇ ನಗ್ತರೆ?"

ಸಂಜೆ ವಾಪಸು ಬಂದಾಗ ಪುಡಿಯ ಚೀಲ ಖಾಲಿಯಾಗಿತ್ತು. ಹ್ಯಾಂಡಲಿಗೆ ಮಾತ್ರ ಯಾವತ್ತಿನಂತೆ ಒಂದು ಕುಂಬಳಕಾಯಿ ತೂಗುತ್ತಿತ್ತು.

"ನೀನು ಈ ವಾರ ಬೈನಿಲ್ಲ ಅಂತ ನಾನಂದೆ. ಕೌದಳ್ಳಿ ಅಜ್ಜಿ ಗಾಬ್ರಿಯಾಗೋದ್ಲು. ಅವ್ಳ್ಗೆ ಮೈಗೇನಾರ ಉಸಾರಿಲ್ವಾ ಅಂತ ಕೇಳಿ ಇದ್ನ ನಿಂಗೇ ಕೊಟ್ ಕಳಿಸವ್ಳೆ" ಎಂದರು.

ಆ ಕುಂಬಳಕಾಯಿಯನ್ನು ನಾನು ಬೀದಿಗೆ ಹಂಚಲಿಲ್ಲ.