ನಮ್ಮ ಅಡುಗೆಮನೆಯಲ್ಲಿ ಚೀನಾದ ಸಿನಿಮಾ

ನಾನು ಯಾರ ತಂಟೆಗೂ ಹೋಗುವವಳಲ್ಲ. ಕುವೈತಿನ ಫರ್ವಾನಿಯಾದಲ್ಲಿ ಮೂರನೇ ಮಾಳಿಗೆಯಲ್ಲಿ ಮಗಳು, ಅಳಿಯನ ಜೊತೆ ನನ್ನಷ್ಟಕ್ಕೆ ಇರುವವಳು. ಆದರೂ ನಗೆಪಾಟಲಿನ ಸಂಗತಿಗಳು ನಮ್ಮ ಬಾಗಿಲನ್ನೇ ಹುಡುಕಿಕೊಂಡು ಬರುತ್ತವೆ. ಕೆಲವು ಸಲ ದುಃಖವನ್ನೂ ಕೈಹಿಡಿದು ಕರೆದುಕೊಂಡು ಬರುತ್ತವೆ.

ಬಟ್ಟೆ ಸ್ಟ್ಯಾಂಡ್

ಎದುರು ಕೋಣೆಯಲ್ಲಿ ಚೀನಾದವನೊಬ್ಬ ಇದ್ದ. ಕಟ್ಟಡದ ಕೆಲಸ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು. ಆದರೆ ಗಂಜಿ ಇಬ್ಬರಿಗೂ ಗೊತ್ತಿತ್ತು. ದಿನಾ ಬೆಳಿಗ್ಗೆ ನಮ್ಮಲ್ಲೇ ಉಂಡು ಹೋಗುತ್ತಿದ್ದ. ಒಂದು ದಿನ ಬಟ್ಟಲಿಗೆ ಬಡಿಸಿಯಾಗಿತ್ತು, ಕೆಳಗೆ ಕಂಪೆನಿ ವ್ಯಾನಿನ ಹಾರ್ನ್ ಕೇಳಿತು. ವಾಚು ತೋರಿಸಿ, ಉಣ್ಣದೆ ಓಡಿದ. ಮಧ್ಯಾಹ್ನ ಕೆಲಸದ ಜಾಗದಲ್ಲೇ ಎದೆ ಹಿಡಿದು ಕೂತನಂತೆ. ಖಲಾಸ್. ಆ ಬಟ್ಟಲು ಸಂಜೆಯವರೆಗೂ ಮೇಜಿನ ಮೇಲೇ ಇತ್ತು.

ವರ್ಷ ಕಳೆದ ಮೇಲೆ ಅವನ ಮಗಳು ಬಂದಳು.

"ಅಮ್ಮ, ಇವಳು ಸಿನಿಮಾ ಡೈರೆಕ್ಟರ್. ಅಪ್ಪನ ಕಥೆ ತೆಗೀತಾಳಂತೆ. ಇದೇ ಮೊದಲನೇ ಸಿನಿಮಾ," ಅಂದಳು ನನ್ನ ಮಗಳು. ಅವಳು ನರ್ಸು, ಇಂಗ್ಲಿಷ್ ಬರುತ್ತದೆ.

"ಉಳಿದವರೆಲ್ಲ ಎಲ್ಲಿ?"

"ಯಾರೂ ಇಲ್ಲ. ಎಲ್ಲ ಇವಳೇ."

ಒಂದು ಕ್ಯಾಮೆರಾ, ಒಂದು ಚೀಲ, ವಿಸಿಟ್ ವೀಸಾ. ಲೈಟು ಕಟ್ಟಲು ಕೋಲೂ ಇರಲಿಲ್ಲ. ನಮ್ಮ ಬಟ್ಟೆ ಒಣಗಿಸುವ ಸ್ಟ್ಯಾಂಡನ್ನೇ ಕೊಟ್ಟೆ. ನಾಲ್ಕು ದಿನ ಅಳಿಯ ಹಸಿ ಅಂಗಿ ಹಾಕಿಕೊಂಡು ಆಫೀಸಿಗೆ ಹೋದ. ಐದನೇ ದಿನ ಮೂಗು ಒರೆಸುತ್ತಾ ಕೇಳಿದ, "ಅತ್ತೆ, ಸಿನಿಮಾದಲ್ಲಿ ನನ್ನ ಹೆಸರೂ ಹಾಕ್ತಾರಾ?"

"ಹಾಕದೆ ಉಂಟಾ? ಕುವೈತಿನ ಬಿಸಿಲಲ್ಲಿ ಶೀತ ಹಿಡಿಸಿಕೊಂಡ ಮೊದಲನೇ ಮನುಷ್ಯ ಅಂತ ಹಾಕ್ತಾರೆ," ಅಂದೆ.

ಸತ್ತವನ ನಡಿಗೆ

ಅಪ್ಪನ ವೇಷ ಹಾಕಿದ್ದು ಅವನ ಕೋಣೆಯಲ್ಲೇ ಇದ್ದ ಜೊತೆಗಾರ. ಸತ್ತವನು ಕಡ್ಡಿ, ಇವನು ಕುಂಬಳಕಾಯಿ. ಸತ್ತವನ ಹಳೇ ಕೋಟಿನ ಗುಂಡಿ ಇವನಿಗೆ ಹಾಕಲು ಆಗಲಿಲ್ಲ, ನಾನು ಪಿನ್ನು ಚುಚ್ಚಿದೆ. ಆ ಕೋಟು ಕಂಡದ್ದೇ ಹುಡುಗಿ ಗೋಡೆ ಕಡೆ ತಿರುಗಿ ನಿಂತಳು.

ಮಗಳು ಡ್ಯೂಟಿಯಲ್ಲಿದ್ದಳು. ಹುಡುಗಿ ಫೋನಿನಲ್ಲೇ ಕನ್ನಡ ಮಾಡಿಸಿ ಮೆಲ್ಲಗೆ ಕೇಳಿದಳು, "ಅಜ್ಜಿ, ಅಪ್ಪ ಇಲ್ಲಿ ಹೇಗೆ ನಡೀತಿದ್ದ?" ಅಪ್ಪ ಪರದೇಶ ಸೇರಿದಾಗ ಅವಳು ಸಣ್ಣವಳು. ನಡಿಗೆಯೂ ನೆನಪಿಲ್ಲ.

ನನಗೆ ನೆನಪಿತ್ತು. ಕಂಕುಳಲ್ಲಿ ಚೀಲ ಸಿಕ್ಕಿಸಿಕೊಂಡು, ಎಡಗಾಲು ಎಳೆಯುತ್ತಾ, ಹೆಗಲು ಒಂದು ಬದಿಗೆ ವಾಲಿಸಿ ಕಾರಿಡಾರಿನಲ್ಲಿ ಮೂರು ಸಲ ನಡೆದು ತೋರಿಸಿದೆ. ಅಷ್ಟರಲ್ಲಿ ಲಿಫ್ಟಿನಿಂದ ಇಳಿದ ನೆರೆಮನೆಯ ಹೆಂಗಸು, ನಮ್ಮ ಮಂಗಳೂರಿನ ಕೊಂಕಣಿ ಬಾಯಿ, ಅದನ್ನು ಕಂಡುಬಿಟ್ಟರು. ಕೂಡಲೇ ಆಸ್ಪತ್ರೆಗೆ ಫೋನು: "ಓಡಿ ಬಾ, ನಿನ್ನ ಅಮ್ಮನಿಗೆ ಸ್ಟ್ರೋಕ್!"

ಮಗಳು ಡ್ಯೂಟಿ ಬಿಟ್ಟು ಏದುಸಿರು ಬಿಡುತ್ತಾ ಬಂದಳು. ನನ್ನ ಬಿಪಿ ಸರಿಯಾಗಿಯೇ ಇತ್ತು. ಬಾಯಿಯವರದ್ದು ನೋಡಿದರೆ ನೂರೆಂಬತ್ತು. ಅವರನ್ನೇ ಸೋಫಾದಲ್ಲಿ ಮಲಗಿಸಿದೆವು.

ಉಪ್ಪು

ಮರುದಿನಕ್ಕೆ ಹುಡುಗಿಯ ವೀಸಾ ಮುಗಿಯುತ್ತಿತ್ತು. ಉಳಿದಿದ್ದು ಒಂದೇ ದೃಶ್ಯ, ಆ ಕೊನೆಯ ಬೆಳಗಿನದ್ದು. ಅದಿಲ್ಲದೆ ಸಿನಿಮಾವೇ ಇಲ್ಲ. "ಅಪ್ಪ ಉಣ್ಣದೆ ಯಾಕೆ ಹೋದ ಅಂತ ಅಮ್ಮ ಈಗಲೂ ಕೇಳ್ತಾಳೆ," ಅಂದಳು. ಕೈ ಹಿಡಿದು ಕೂರಿಸಬೇಕಿತ್ತು ಅಂತ ನನಗೂ ದಿನಾ ಅನ್ನಿಸುತ್ತಿತ್ತು.

ನಾನು ಮಾಡಬೇಕಾದ್ದು ಇಷ್ಟೇ: ಪಾತ್ರೆಗೆ ಉಪ್ಪು ಹಾಕಿ, ಕದಡಿ, ಬಟ್ಟಲಿಗೆ ಬಡಿಸಿ ಅವನನ್ನು ಕರೆಯುವುದು. ಹಾರ್ನ್ ಆಗುತ್ತದೆ, ಅವನು ವಾಚು ನೋಡಿ ಹೋಗುತ್ತಾನೆ.

ಮೊದಲ ಸಲ ನಾನು ಕ್ಯಾಮೆರಾ ನೋಡಿದೆ. ಎರಡನೇ ಸಲ ವಿಮಾನದ ಸದ್ದು. ಮೂರನೇ ಸಲ ಕೋಟಿನ ಪಿನ್ನು ಹಾರಿ ಗಂಜಿಗೇ ಬಿತ್ತು, ಹೆಕ್ಕಿ ತೆಗೆದೆ. ಹೀಗೇ ಏಳು ಸಲ. ಪ್ರತಿ ಸಲವೂ ಬಟ್ಟಲಿನ ಗಂಜಿಯನ್ನು ವಾಪಸು ಪಾತ್ರೆಗೆ ಸುರಿದೆ. ಅನ್ನ ಚೆಲ್ಲಿ ನನಗೆ ಅಭ್ಯಾಸವಿಲ್ಲ.

ಏಳನೇ ಸಲ ಹಾರ್ನ್ ಆಯಿತು, ಅವನು ಎದ್ದ. ಆ ಕೋಟಿನ ಬೆನ್ನು ಬಾಗಿಲ ಕಡೆ ತಿರುಗಿದ್ದು ಕಂಡು ನನಗೆ ಏನಾಯಿತೋ. ಹೋಗಿ ರಟ್ಟೆ ಹಿಡಿದು ಎಳೆದು ಕೂರಿಸಿದೆ. "ವ್ಯಾನು ಕಾಯಲಿ ಮಾರಾಯ! ಉಂಡು ಹೋಗು!"

ಅವನು ಹೆದರಿ ಹುಡುಗಿಯ ಮುಖ ನೋಡಿದ. ಅವಳು ನಿಲ್ಲಿಸು ಅನ್ನಲಿಲ್ಲ. ಒಂದು ತುತ್ತು ಉಂಡ. ಅವನ ಕಣ್ಣಿಂದ ಬಳಬಳ ನೀರು ಇಳಿಯಿತು. ನಾನೂ ಅತ್ತೆ. ಕ್ಯಾಮೆರಾದ ಹಿಂದೆ ಹುಡುಗಿಯೂ ಅತ್ತಳು. ಹಾಗೇ ಸಿನಿಮಾ ಮುಗಿಯಿತು.

ಅವನು ಎದ್ದವನೇ ನಲ್ಲಿಗೆ ಬಾಯಿ ಕೊಟ್ಟಾಗಲೇ ನನ್ನ ತಲೆಗೆ ಹೊಳೆದದ್ದು. ಪಾತ್ರೆ ಒಂದೇ, ಗಂಜಿ ಒಂದೇ, ಉಪ್ಪು ಮಾತ್ರ ಏಳು ಸಲ! ಸುಳ್ಳು ಸುಳ್ಳೇ ಹಾಕು ಅಂತ ಯಾರೂ ಹೇಳಿರಲಿಲ್ಲ. ಅಡುಗೆಯಲ್ಲಿ ನಟನೆ ಮಾಡಲು ನನಗೆಲ್ಲಿ ಬರುತ್ತದೆ?

ಕೆಲವು ತಿಂಗಳು ಬಿಟ್ಟು ಹುಡುಗಿ ವಿಡಿಯೋ ಕಾಲ್ ಮಾಡಿದಳು. ಅವಳೂರಲ್ಲಿ ಸಿನಿಮಾ ತೋರಿಸಿದರಂತೆ. ಆ ತುತ್ತಿನ ಹೊತ್ತಿಗೆ ಜನವೆಲ್ಲ ಬಿಕ್ಕಿ ಬಿಕ್ಕಿ ಅತ್ತರಂತೆ. ಅವಳ ಅಮ್ಮನೂ. ನನಗೆ ತಡೆಯಲಾಗಲಿಲ್ಲ.

"ಮಗಾ, ತಪ್ಪಾಯ್ತು. ಅವನು ಅತ್ತದ್ದು ದುಃಖಕ್ಕಲ್ಲ. ಉಪ್ಪಿಗೆ."

"ಗೊತ್ತು ಅಜ್ಜಿ. ನೀವು ಪಾತ್ರೆ ತೊಳೆಯುವ ಮೊದಲು ನಾನೂ ಒಂದು ಚಮಚ ತಿಂದೆ. ಅಮ್ಮನಿಗೂ ಹೇಳಿದ್ದೇನೆ."

"ಅವರು ಏನಂದರು?"

ಪಕ್ಕದಿಂದ ಒಂದು ಬಿಳಿ ತಲೆ ಪರದೆಯೊಳಗೆ ಬಂತು. ಕಣ್ಣು ಒರೆಸಿಕೊಳ್ಳುತ್ತಾ, ನಗುತ್ತಾ ಏನೋ ಹೇಳಿತು. ಹುಡುಗಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮಗಳು ನಗು ತಡೆದುಕೊಂಡು ಕನ್ನಡ ಮಾಡಿದಳು:

"ನನ್ನ ಗಂಡ ಉಣ್ಣದೆ ಯಾಕೆ ಓಡಿದ ಅಂತ ಈಗ ಗೊತ್ತಾಯ್ತು!"