ಒಂದೇ ಸಹಿಯಲ್ಲಿ ಮುಗಿಯುವ ಕೆಲಸ

ಪೌರನೀತಿ ಮೇಷ್ಟ್ರ ಅಷ್ಟೂ ಪಾಡಿಗೆ ಮೂಲ ಅವರ ಅಂಗಿಯ ಜೇಬಿನಲ್ಲಿದ್ದ ಒಂದು ಹಾಳೆ. ಅದು ಅವರ ವರ್ಗಾವಣೆಯ ಅರ್ಜಿ. ತೆಗೆದು ಮಡಿಸಿ, ಮಡಿಸಿ ತೆಗೆದು ಅದರ ಮಡಿಕೆಗಳು ಎಷ್ಟು ಸವೆದಿದ್ದವೆಂದರೆ ಬೆಳಕಿಗೆ ಹಿಡಿದರೆ ಆಚೆಯವರ ಮುಖ ಕಾಣುತ್ತಿತ್ತು.

ಹನ್ನೊಂದು ವರ್ಷದಿಂದ ಮೇಷ್ಟ್ರು ದಿನಾ ಎರಡು ಬಸ್ಸು ಹತ್ತಿ ಶಾಲೆಗೆ ಬರುತ್ತಿದ್ದರು, ಎರಡು ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದರು. ಮೊದಲನೆಯದು ಹೊತ್ತಿಗೆ ಬಂದ ದಿನ ಎರಡನೆಯದು ಬರುತ್ತಿರಲಿಲ್ಲ; ಎರಡನೆಯದು ಕಾದು ನಿಂತ ದಿನ ಮೊದಲನೆಯದು ದಾರಿಯಲ್ಲಿ ಕೆಟ್ಟಿರುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ. ಆರು ವರ್ಷದ ಮಗಳು ಮನೆಯವರ ಚಿತ್ರ ಬರೆಯುವಾಗ ಅಮ್ಮ, ಅಜ್ಜಿ, ಬೆಕ್ಕು ಎಲ್ಲರನ್ನೂ ಸೋಫಾದ ಮೇಲೆ ಕೂರಿಸಿ, ಹಾಳೆಯ ಮೂಲೆಯಲ್ಲಿ ಒಂದು ಬಸ್ಸು ಬರೆದು ಅದರ ಕಿಟಕಿಯಲ್ಲಿ ಅಪ್ಪನನ್ನು ಇಟ್ಟಿದ್ದಳು. ಅದನ್ನು ನೋಡಿದ ದಿನವೇ ಮೇಷ್ಟ್ರು ಅರ್ಜಿ ಬರೆದರು. ಮನೆಯಿಂದ ಐದು ನಿಮಿಷ ನಡೆದರೆ ಸಿಗುವ ಶಾಲೆಯಲ್ಲಿ ಒಂದು ಜಾಗ ಖಾಲಿಯಿತ್ತು. ಬೇಕಾಗಿದ್ದದ್ದು ಕ್ಷೇತ್ರದ ಪ್ರತಿನಿಧಿಗಳ ಶಿಫಾರಸಿನ ಒಂದು ಸಹಿ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಈ ಪೂಜಾರಿ ಪ್ರತಿನಿಧಿಗಳ ಆಪ್ತ ಸಹಾಯಕ. ಮೇಷ್ಟ್ರು ನಾಲ್ಕು ಸಲ ಹೋದರು. ನಾಲ್ಕು ಸಲವೂ ಆತ ಅರ್ಜಿಯನ್ನು ಗೌರವದಿಂದ ತೆಗೆದುಕೊಂಡು, ಅದರ ಮೇಲೆ ಚಹದ ಲೋಟ ಇಟ್ಟು, ನೋಡೋಣ ಎಂದು ಹೇಳಿ, ಚಹ ಮುಗಿದ ಮೇಲೆ ವಾಪಸ್ಸು ಕೊಟ್ಟ. ಅರ್ಜಿಯ ಮೇಲೆ ಈಗ ನಾಲ್ಕು ದುಂಡನೆಯ ಕಲೆಗಳಿದ್ದವು. ದೂರದಿಂದ ನೋಡಿದರೆ ಆಗಲೇ ನಾಲ್ಕು ಕಚೇರಿಗಳ ಮೊಹರು ಬಿದ್ದಂತೆ ಕಾಣುತ್ತಿತ್ತು.

ಅಷ್ಟರಲ್ಲಿ ಸುತ್ತೋಲೆ ಬಂತು. ಎಳೆಯರಿಗೆ ಪ್ರಜಾಪ್ರಭುತ್ವದ ಪರಿಚಯವಾಗಬೇಕು, ಪ್ರತಿ ಶಾಲೆಯೂ ತನ್ನ ಕ್ಷೇತ್ರದ ಪ್ರತಿನಿಧಿಯನ್ನು ಕರೆಸಿ ಮಕ್ಕಳಿಂದ ಪ್ರಶ್ನೆ ಕೇಳಿಸಬೇಕು ಎಂದು. ಹೆಡ್ಮೇಷ್ಟ್ರು ಪೌರನೀತಿ ಮೇಷ್ಟ್ರನ್ನು ಕೋಣೆಗೆ ಕರೆದು, ಕಾರ್ಯಕ್ರಮ ಯಾವ ತಂಟೆ ತಕರಾರಿಲ್ಲದೆ ಮುಗಿದರೆ ನಿಮ್ಮ ಅರ್ಜಿಯನ್ನು ನಾನೇ ಅವರ ಮುಂದೆ ಇಡುತ್ತೇನೆ ಎಂದು ಮಾತು ಕೊಟ್ಟರು. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು.

ಮೇಷ್ಟ್ರು ಒಂದು ತಿಂಗಳು ಒಂಬತ್ತನೆಯ ತರಗತಿಯನ್ನು ಪಳಗಿಸಿದರು. ನಾಟಕದ ಪೆಟ್ಟಿಗೆಯಿಂದ ಒಂದು ದೊಗಲೆ ಕೋಟು ತೆಗೆದು ಹಾಕಿಕೊಂಡು ತಾವೇ ಪ್ರತಿನಿಧಿಯಾದರು. ಮಕ್ಕಳು ಏನು ಕೇಳಿದರೂ ಕನ್ನಡಕ ತೆಗೆದು ಒರೆಸುತ್ತ, "ಆ ವಿಷಯ ನನ್ನ ಗಮನದಲ್ಲಿದೆ" ಎನ್ನುವರು. ಇಂಥವರನ್ನು ಹಿಡಿಯುವುದು ಹೇಗೆ ಎಂದೂ ಅವರೇ ಹೇಳಿಕೊಟ್ಟರು. ಹತ್ತು ಕೇಳಬೇಡಿ, ಒಂದೇ ಕೇಳಿ. ಹಣ ಬೇಕಾಗುವುದನ್ನು ಕೇಳಬೇಡಿ, ಒಂದೇ ಸಹಿಯಲ್ಲಿ ಮುಗಿಯುವುದನ್ನು ಕೇಳಿ. ಬರಹದಲ್ಲಿ ಕೊಡಿ, ಎಲ್ಲರೂ ಸಹಿ ಹಾಕಿ. ಕಾರಣ ಬರೆಯಿರಿ, ಅದು ನಿಜವಾದ ಕಾರಣವಾಗಿರಲಿ. ನೋಡೋಣ ಎಂದರೆ ಇಲ್ಲ ಎಂದೇ ಅರ್ಥ. ಅರ್ಜಿಯ ನಮೂನೆ ಬೇಕಲ್ಲ ಎಂದು ಜೇಬಿನಿಂದ ತಮ್ಮದನ್ನೇ ತೆಗೆದು ಕರಿಹಲಗೆಯ ಮೇಲೆ ಇಳಿಸಿದರು. ಮಕ್ಕಳು ಅಚ್ಚುಕಟ್ಟಾಗಿ ನೋಟ್ಸು ಬರೆದುಕೊಂಡರು. ನಿಮ್ಮ ಅರ್ಜಿ ನಿಮ್ಮದು, ಅದನ್ನು ನಾನು ನೋಡುವುದೂ ಇಲ್ಲ, ತಿದ್ದುವುದೂ ಇಲ್ಲ ಎಂದು ಮೇಷ್ಟ್ರು ಹೆಮ್ಮೆಯಿಂದ ಸಾರಿದರು. ಕೆಟ್ಟು ಕೂತ ಕುಡಿಯುವ ನೀರಿನ ನಲ್ಲಿಯ ಬಗ್ಗೆಯೇ ಬರೆಯುತ್ತಾರೆಂದು ಅವರಿಗೆ ಖಾತ್ರಿಯಿತ್ತು.

ಕಾರ್ಯಕ್ರಮದ ದಿನವೂ ಬಸ್ಸು ತನ್ನ ಧರ್ಮ ಬಿಡಲಿಲ್ಲ. ಮೇಷ್ಟ್ರು ಏದುಸಿರು ಬಿಡುತ್ತ ತರಗತಿಗೆ ಬಂದಾಗ ತಮ್ಮ ಮೊದಲ ಪಿರಿಯಡ್ಡು ಮುಗಿಯಲು ಐದು ನಿಮಿಷವಿತ್ತು. ಮಕ್ಕಳು ಸದ್ದಿಲ್ಲದೆ ಕೂತಿದ್ದರು. ಯಾಕೋ ಎಲ್ಲರೂ ಬೆವರಿದ್ದರು. ಕಾರ್ಯಕ್ರಮದ ಗಾಬರಿ ಇರಬೇಕು ಪಾಪ ಎಂದುಕೊಂಡರು ಮೇಷ್ಟ್ರು. ಇಷ್ಟು ವರ್ಷ ತಡವಾಗಿ ಬಂದರೂ ಒಬ್ಬರೂ ದೂರಿರಲಿಲ್ಲ, ಅಂಥ ಒಳ್ಳೆಯ ಮಕ್ಕಳು. ಬಾಗಿಲಲ್ಲಿ ಸಿಕ್ಕ ಡ್ರಿಲ್ ಮೇಷ್ಟ್ರು ಅವರ ಬೆನ್ನು ತಟ್ಟಿ, ಈ ವರ್ಷ ಫುಟ್ಬಾಲ್ ಕಪ್ಪು ನಮ್ಮ ಒಂಬತ್ತನೇ ತರಗತಿಗೆ ಬಂದದ್ದು ನಿಮ್ಮಿಂದಲೇ ಎಂದರು. ಒಗ್ಗಟ್ಟಿನ ಪಾಠ ಅಷ್ಟು ಚೆನ್ನಾಗಿ ಹತ್ತಿದೆಯಲ್ಲ ಎಂದು ಮೇಷ್ಟ್ರು ಹಿಗ್ಗಿದರು.

ಹಿಗ್ಗು ಹತ್ತು ಗಂಟೆಗೆ ಇಳಿಯಿತು. ಆಪ್ತ ಸಹಾಯಕ ಬಂದವನೇ ಒಂದು ಟೈಪು ಮಾಡಿದ ಪಟ್ಟಿ ಕೊಟ್ಟ. ಮಕ್ಕಳು ಕೇಳಬೇಕಾದ ಪ್ರಶ್ನೆಗಳು ಅದರಲ್ಲಿದ್ದವು. ನಿಮ್ಮ ಯಶಸ್ಸಿನ ಗುಟ್ಟೇನು? ಇಷ್ಟು ದುಡಿದೂ ನಿಮಗೆ ದಣಿವಾಗುವುದಿಲ್ಲವೇ? ಚಿಕ್ಕಂದಿನಲ್ಲೂ ನೀವು ಇಷ್ಟೇ ಸರಳವಾಗಿದ್ದಿರಾ? ಹೆಡ್ಮೇಷ್ಟ್ರು ಪಟ್ಟಿಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಮಕ್ಕಳು ಬರೆದಿದ್ದ ಪ್ರಶ್ನೆಗಳನ್ನೆಲ್ಲ ಗುಡಿಸಿ ತಮ್ಮ ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದರು. ಅರ್ಜಿಗಿರ್ಜಿ ಏನೂ ಕೂಡದು ಎಂದರು. ಹಾಗೆನ್ನುವಾಗ ಅವರು ನೋಡಿದ್ದು ಪೌರನೀತಿ ಮೇಷ್ಟ್ರ ಜೇಬನ್ನು.

ಮೇಷ್ಟ್ರ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕಂತಾಯಿತು. ಒಂದು ಕಡೆ ತಿಂಗಳಿಡೀ ಕಲಿಸಿದ ಪಾಠ, ಇನ್ನೊಂದು ಕಡೆ ಬಸ್ಸಿನ ಕಿಟಕಿಯಲ್ಲಿ ಕೂತ ಅಪ್ಪ. ಕೊನೆಗೆ ಅಪ್ಪನೇ ಗೆದ್ದ. ತಲೆ ತಗ್ಗಿಸಿಕೊಂಡು ಹೋಗಿ ಮಕ್ಕಳಿಗೆ ಟೈಪಿನ ಪ್ರಶ್ನೆಗಳನ್ನು ಹಂಚಿದರು. ಮಾತಿನಲ್ಲಿ ಯಾರಿಗೂ ಸೋಲದ್ದಕ್ಕೆ ಲಾಯರಮ್ಮ ಎಂದು ಅಡ್ಡಹೆಸರು ಪಡೆದಿದ್ದ ಹುಡುಗಿ ಎದ್ದು ನಿಂತಳು.

"ಸಾರ್, ಹಾಗಾದ್ರೆ ನಮ್ಮ ಅರ್ಜಿ?"

"ನೋಡೋಣಮ್ಮ" ಎಂದುಬಿಟ್ಟರು ಮೇಷ್ಟ್ರು.

"ನೋಡೋಣ ಅಂದ್ರೆ ಇಲ್ಲ ಅಂತ ಅರ್ಥ ಅಂತ ನೀವೇ ಬರೆಸಿದ್ರಿ ಸಾರ್. ನೋಟ್ಸಲ್ಲಿ ಇದೆ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ತಮ್ಮ ಕೈ ಏನು ಮಾಡುತ್ತಿದೆ ಎಂದು ತಿಳಿದಾಗ ಅವರಿಗೆ ನಿಜವಾಗಿ ನಾಚಿಕೆಯಾಯಿತು.

ಪ್ರತಿನಿಧಿಗಳು ಹನ್ನೊಂದಕ್ಕೆ ಬರಬೇಕಿತ್ತು. ಹನ್ನೆರಡಾಯಿತು, ಒಂದಾಯಿತು. ಇನ್ನೂರು ಮಕ್ಕಳು ತುಂಬಿದ ಸಭಾಂಗಣ ಕುದಿಯುವ ಹಾಲಿನಂತೆ ಉಕ್ಕತೊಡಗಿತು. ಹೆಡ್ಮೇಷ್ಟ್ರು ಸ್ವಾಗತ ಭಾಷಣವನ್ನು ಎರಡು ಸಲ ಮಾಡಿದರು. ಡ್ರಿಲ್ ಮೇಷ್ಟ್ರು ಕೂತಲ್ಲೇ ಕುತ್ತಿಗೆಯ ಕಸರತ್ತು ಮಾಡಿಸಿದರು. ಕಡೆಗೆ ಹಿಂದಿನ ಸಾಲಿನಿಂದ ಯಾರೋ, ಪೌರನೀತಿ ಸಾರ್ ಪ್ರತಿನಿಧಿ ಆಗಲಿ ಎಂದು ಕೂಗಿದರು. ಇನ್ನೂರು ಬಾಯಿ ಅದನ್ನೇ ಹಿಡಿದವು. ಹೇಗಾದರೂ ಮಕ್ಕಳನ್ನು ಸುಮ್ಮನಿರಿಸಿ ಎಂದು ಹೆಡ್ಮೇಷ್ಟ್ರೇ ಅವರನ್ನು ವೇದಿಕೆಗೆ ನೂಕಿದರು, ಡ್ರಿಲ್ ಮೇಷ್ಟ್ರು ಓಡಿಹೋಗಿ ಕೋಟು ತಂದರು.

ಕೋಟು ಮೈಮೇಲೆ ಬಿದ್ದದ್ದೇ ಮೇಷ್ಟ್ರಿಗೆ ಎಲ್ಲಿಲ್ಲದ ಹುರುಪು ಬಂತು. ಬೆಳಗಿನಿಂದ ಒಳಗೊಳಗೇ ಕುದ್ದದ್ದೆಲ್ಲ ಹೊರಗೆ ಬಂತು. ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ ನಡೆದರು, ಯಾರೂ ಇಲ್ಲದ ಕಡೆ ಕೈ ಬೀಸಿದರು. ನಲ್ಲಿಯಲ್ಲಿ ನೀರಿಲ್ಲ ಎಂದು ಒಬ್ಬ ಕೇಳಿದರೆ ಕನ್ನಡಕ ತೆಗೆದು ನಿಧಾನವಾಗಿ ಒರೆಸುತ್ತ, "ಆ ವಿಷಯ ನನ್ನ ಗಮನದಲ್ಲಿದೆ. ನೀರು ಬರುತ್ತೆ, ಬರದೇ ಇದ್ರೆ ಬರ್ತಾ ಇರುತ್ತೆ" ಎಂದರು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹಿಂದಿನ ಸಾಲು ನಗು ನಿಲ್ಲಿಸಿತು, ಮಧ್ಯದ ಸಾಲು ನಿಲ್ಲಿಸಿತು, ಕೊನೆಗೆ ಹೆಡ್ಮೇಷ್ಟ್ರು ಉಸಿರನ್ನೇ ನಿಲ್ಲಿಸಿದರು. ಬಾಗಿಲಲ್ಲಿ ನಿಜವಾದ ಪ್ರತಿನಿಧಿಗಳು ನಿಂತಿದ್ದರು. ಕನ್ನಡಕ ಒರೆಸುತ್ತಿದ್ದರು.

ಹನ್ನೊಂದು ವರ್ಷದ ಬಸ್ಸು ಇನ್ನು ಇಪ್ಪತ್ತು ವರ್ಷ ಓಡುತ್ತದೆ ಎಂದು ಮೇಷ್ಟ್ರಿಗೆ ಆ ಕ್ಷಣವೇ ಗೊತ್ತಾಯಿತು. ಪ್ರತಿನಿಧಿಗಳು ಮೆಲ್ಲಗೆ ವೇದಿಕೆ ಹತ್ತಿ ಬಂದು, ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲಾ ಸರಿಯಾಗಿದೆ ಮೇಷ್ಟ್ರೇ. ಆದ್ರೆ ನಾನು ಒರೆಸೋದು ಎಡಗೈಲಿ."

ಎಂದವರೇ ಗಹಗಹಿಸಿ ನಕ್ಕರು. ಹೆಡ್ಮೇಷ್ಟ್ರಿಗೆ ಹೋದ ಉಸಿರು ಬಂತು. ನಮ್ಮ ಕಚೇರಿಯಲ್ಲಿ ನನ್ನ ಮುಂದೆ ಯಾರೂ ನಗುವುದಿಲ್ಲ, ಇವತ್ತು ಬಹಳ ದಿನದ ಮೇಲೆ ನಕ್ಕೆ ಎಂದು ಹೇಳಿ ಪ್ರತಿನಿಧಿಗಳು ಮೇಷ್ಟ್ರನ್ನು ಪಕ್ಕದ ಕುರ್ಚಿಯಲ್ಲೇ ಕೂರಿಸಿಕೊಂಡರು.

ಟೈಪಿನ ಪ್ರಶ್ನೆಗಳು ಶುರುವಾದವು. ಚಿಕ್ಕಂದಿನ ಸರಳತೆಯ ಪ್ರಶ್ನೆ ಬರುವ ಹೊತ್ತಿಗೆ ಪ್ರತಿನಿಧಿಗಳೇ ಆಕಳಿಸಿದರು. ಇದೇ ತಕ್ಕ ಸಮಯವೆಂದು ಹೆಡ್ಮೇಷ್ಟ್ರು ಅವರ ಕಿವಿಯಲ್ಲಿ ಪಿಸುಗುಟ್ಟಿ, ನಾಲ್ಕು ಕಲೆಯ ಅರ್ಜಿಯನ್ನು ಮೇಷ್ಟ್ರ ಜೇಬಿನಿಂದ ತೆಗೆಸಿ ಅವರ ಮುಂದೆ ಹರಡಿದರು. ಓಹೋ ಅದಕ್ಕೇನಂತೆ, ಇಷ್ಟು ನಗಿಸಿದವರಿಗೆ ಇಷ್ಟೂ ಮಾಡಬಾರದೇ ಎಂದು ಅವರು ಪೆನ್ನಿನ ಮುಚ್ಚಳ ತೆಗೆದರು.

ಆಗ ಲಾಯರಮ್ಮ ಎದ್ದಳು. ಅವಳ ಕೈಯಲ್ಲಿ ಒಂದು ಹಾಳೆಯಿತ್ತು. "ನಮ್ಮದೂ ಒಂದು ಅರ್ಜಿ ಇದೆ."

ಆಪ್ತ ಸಹಾಯಕ ಗಡಿಯಾರ ತೋರಿಸಿದ. ಹೆಡ್ಮೇಷ್ಟ್ರು ಕಣ್ಣಿನಲ್ಲೇ ಅವಳನ್ನು ಕೂರಿಸಲು ನೋಡಿದರು. ಹುಡುಗಿ ಕೂರಲಿಲ್ಲ. ಮೇಷ್ಟ್ರು ಅವಳನ್ನು ನೋಡಿದರು. ಇವಳು ಒಂದು ತಿಂಗಳಲ್ಲಿ ಕಲಿತದ್ದನ್ನು ತಾವು ಒಂದು ಬೆಳಿಗ್ಗೆಯಲ್ಲಿ ಮರೆತರಲ್ಲ ಎಂದುಕೊಂಡರು. ಜೀವಮಾನದಲ್ಲಿ ಒಮ್ಮೆಯಾದರೂ ಪಾಠ ಮಾಡಿದಂತೆ ನಡೆಯಬೇಕು ಅನ್ನಿಸಿತು. ಎದ್ದು ನಿಂತು, ಪ್ರತಿನಿಧಿಗಳ ಪೆನ್ನಿನ ಕೆಳಗಿನಿಂದ ತಮ್ಮ ಹಾಳೆಯನ್ನು ತಾವೇ ಸರಿಸಿದರು.

"ಸಾರ್, ಮೊದಲು ಮಕ್ಕಳದು ನೋಡಿ. ನನ್ನದು ಆಮೇಲೆ."

ಹುಡುಗಿ ವೇದಿಕೆಗೆ ಬಂದು ಹಾಳೆ ಚಾಚಿದಳು. ಕೊಡಮ್ಮ, ನೋಡೋಣ ಎಂದರು ಪ್ರತಿನಿಧಿಗಳು.

"ನೋಡೋಣ ಬೇಡ ಸಾರ್. ಒಂದೇ ಕೆಲಸ. ದುಡ್ಡು ಬೇಡ. ಇವತ್ತೇ, ಇಲ್ಲೇ, ಒಂದು ಸಹಿಯಲ್ಲಿ ಮುಗಿಯುತ್ತೆ."

ಮೇಷ್ಟ್ರ ಕಣ್ಣು ತುಂಬಿ ಬಂತು. ಶಬ್ದಕ್ಕೆ ಶಬ್ದ ಅವರ ಪಾಠವೇ.

ಪ್ರತಿನಿಧಿಗಳು ಅನುಭವಸ್ಥರು, ಯಾವ ಅರ್ಜಿಯಲ್ಲೂ ಮೊದಲ ಸಾಲು ಓದಿ, ಆಮೇಲೆ ನೇರವಾಗಿ ಸಹಿಗಳನ್ನು ಎಣಿಸುವವರು. ಮೊದಲ ಸಾಲನ್ನು ಗಟ್ಟಿಯಾಗಿಯೇ ಓದಿದರು. "ನಮ್ಮ ಪೌರನೀತಿ ಮೇಷ್ಟ್ರನ್ನು ಯಾವ ಕಾರಣಕ್ಕೂ ಈ ಶಾಲೆಯಿಂದ ವರ್ಗಾವಣೆ ಮಾಡಬಾರದೆಂದು ಕೋರಿಕೆ." ಕೆಳಗೆ ನಲವತ್ತಮೂರು ಸಹಿ. ಇನ್ನು ಮೂರು ನಾಲ್ಕು ವರ್ಷಕ್ಕೆ ಇವರೆಲ್ಲ ಮತದಾರರು. ಇಷ್ಟು ವರ್ಷದ ರಾಜಕೀಯದಲ್ಲಿ ಬಿಡಿಗಾಸು ಖರ್ಚಿಲ್ಲದ ಬೇಡಿಕೆ ಬಂದದ್ದು ಇದೇ ಮೊದಲು ಎಂದು ಅವರು ಸಂತೋಷದಿಂದ ಸಹಿ ಮಾಡಿ, ತಾರೀಕು ಹಾಕಿ, ಕೆಳಗೆ ಎರಡು ಗೆರೆಯನ್ನೂ ಎಳೆದರು. ಸಭಾಂಗಣ ಚಪ್ಪಾಳೆಯಿಂದ ಅದುರಿತು.

"ನಿಮ್ಮದಕ್ಕೂ ಹಾಕ್ತಿದ್ದೆ ಮೇಷ್ಟ್ರೇ. ಆದ್ರೆ ಒಂದು ಕೈಲಿ ಎರಡು ಮಾತು ಬರೆಯೋಕಾಗಲ್ಲ, ಜನಾಭಿಪ್ರಾಯ ಇದು" ಎಂದು ಪ್ರತಿನಿಧಿಗಳು ನಾಲ್ಕು ಕಲೆಯ ಹಾಳೆಯನ್ನು ಮಡಿಸಿ, ಅವರ ಜೇಬಿನಲ್ಲಿಟ್ಟು, ತಟ್ಟಿ, ಹೊರಟರು.

ಸಂಜೆ ಎರಡನೆಯ ಬಸ್ಸಿನ ಕಿಟಕಿಯ ಪಕ್ಕ ಕೂತು ಮೇಷ್ಟ್ರು ಹೆಂಡತಿಗೆ ಫೋನು ಮಾಡಿದರು. ಸಹಿ ಆಗಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಆದರೆ ಮಕ್ಕಳ ಪ್ರೀತಿಯ ವಿಷಯ ಹೇಳುವಾಗ ದನಿ ತಾನಾಗಿ ಏರಿತು. ನಲವತ್ತಮೂರು ಸಹಿ, ಒಬ್ಬ ಮೇಷ್ಟ್ರಿಗೆ ಇದಕ್ಕಿಂತ ಇನ್ನೇನು ಬೇಕು ಎಂದರು.

ಹೆಂಡತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. "ತರಗತೀಲಿ ನಲವತ್ತೆರಡು ಮಕ್ಕಳು ಅಂತಿದ್ರಲ್ಲ. ಅದಿರಲಿ, ಯಾಕೆ ಬಿಡಲ್ವಂತೆ ನಿಮ್ಮನ್ನ?"

ಕಾರಣ ಬರೆದಿರಲೇಬೇಕು, ಅದು ಪಾಠದಲ್ಲಿತ್ತು. ಹೆಡ್ಮೇಷ್ಟ್ರು ಕಡತಕ್ಕೆಂದು ತೆಗೆಸಿದ ನಕಲುಗಳಲ್ಲಿ ಒಂದು ಚೀಲದಲ್ಲಿತ್ತು. ಮೇಷ್ಟ್ರು ಅದನ್ನು ತೊಡೆಯ ಮೇಲೆ ಬಿಡಿಸಿದರು. ಲಾಯರಮ್ಮನ ದುಂಡು ಅಕ್ಷರ, ಒಂದು ತಪ್ಪಿಲ್ಲ.

"ಕಾರಣಗಳು. ಒಂದು, ಮೇಷ್ಟ್ರು ದಿನಾ ಎರಡು ಬಸ್ಸು ಹತ್ತಿ ಬರುವುದರಿಂದ ಮೊದಲ ಪಿರಿಯಡ್ಡಿನಲ್ಲಿ ನಮಗೆ ಫುಟ್ಬಾಲ್ ಆಡಲು ಮೈದಾನ ಸಿಗುತ್ತಿದೆ. ಎರಡು, ಈ ಅಭ್ಯಾಸದಿಂದಲೇ ಈ ವರ್ಷ ಕಪ್ಪು ಬಂದಿದೆ. ಮೂರು, ಇವರ ಜಾಗಕ್ಕೆ ಬರುವ ಮೇಷ್ಟ್ರ ಮನೆ ಹತ್ತಿರದಲ್ಲೇ ಇದ್ದರೆ, ಅವರು ಸಮಯಕ್ಕೆ ಸರಿಯಾಗಿ ಬರುವ ಅಪಾಯವಿದೆ."

ನಲವತ್ತಮೂರನೆಯ ಸಹಿ ಡ್ರಿಲ್ ಮೇಷ್ಟ್ರದು.

ಬಸ್ಸು ಎರಡು ಸಲ ಕೆಮ್ಮಿ ದಾರಿಯ ಮಧ್ಯದಲ್ಲಿ ನಿಂತಿತು. ಡ್ರೈವರು ಇಳಿದು ಮುಂದಿನ ಮುಚ್ಚಳ ಎತ್ತಿದ. ಫೋನಿನಲ್ಲಿ ಹೆಂಡತಿ ಇನ್ನೂ ಕಾಯುತ್ತಿದ್ದಳು.

"ರೀ, ಕೇಳಿಸ್ತಾ? ಹಾಗಾದ್ರೆ ನೀವು ಹೊತ್ತಿಗೆ ಸರಿಯಾಗಿ ಮನೆಗೆ ಬರೋದು ಯಾವಾಗ?"

ಮೇಷ್ಟ್ರು ಕನ್ನಡಕ ತೆಗೆದು ನಿಧಾನವಾಗಿ, ಈ ಸಲ ಎಡಗೈಯಲ್ಲಿ, ಒರೆಸಿಕೊಂಡರು.

"ಆ ವಿಷಯ ನನ್ನ ಗಮನದಲ್ಲಿದೆ" ಎಂದರು.