ಹೇಳಿ ಹೋದರೆ ಜೇಡವಿಲ್ಲ, ಮಲಗಿ ಎಂದರೆ ನಿದ್ದೆಯಿಲ್ಲ

"ನಮ್ಮೂರಿನ ಜನ ತುಂಬ ಮರ್ಯಾದಸ್ಥರಮ್ಮ. ಅವರನ್ನ ಇಟ್ಕೊಂಡು ವಿಜ್ಞಾನ ಮಾಡೋದು ಬಹಳ ಕಷ್ಟ" ಎಂದು ನನಗೆ ಮೊದಲು ಹೇಳಿದವರು ನನ್ನ ಪಿಎಚ್.ಡಿ. ಗೈಡ್. ಆಗ ನಕ್ಕಿದ್ದೆ. ಮನೆಯೊಳಗಿನ ಜೇಡಗಳಿಂದ ಶುರುಮಾಡಿ ಮನುಷ್ಯರ ನಿದ್ದೆಯವರೆಗೆ ಬಂದಿದ್ದೇನೆ. ಅವರ ಮಾತು ಮಾತ್ರ ಪದೇಪದೇ ನಿಜವಾಗುತ್ತಲೇ ಇದೆ. ಜೇಡವಾಗಲಿ ನಿದ್ದೆಯಾಗಲಿ, ಬೇಕಾದಷ್ಟು ಸಿಗದಿದ್ದರೆ ಸಂಶೋಧನೆ ನಿಲ್ಲುತ್ತದೆ, ನಾನು ಮನೆಗೆ. ಅಷ್ಟೇ ವಿಷಯ.

೧. ಹನ್ನೊಂದು

ಬಸವನಗುಡಿ ಸುತ್ತಮುತ್ತಲ ಹಳೇ ಮನೆಗಳಲ್ಲಿ ಜೇಡರ ಬಲೆ ಎಣಿಸುವುದು ನನ್ನ ಮೊದಲ ಕೆಲಸ. ಹೇಳದೆ ಕೇಳದೆ ಯಾರ ಮನೆಗೂ ನುಗ್ಗಬಾರದೆಂದು ಅಮ್ಮ ಕಲಿಸಿದ್ದಳಲ್ಲ, ವಾರ ಮುಂಚೆಯೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡೆ.

ಎನ್.ಆರ್. ಕಾಲೋನಿಯ ಮೊದಲ ಮನೆ. ಹೆಂಚಿನ ಸೂರು, ಮರದ ತೊಲೆ, ಜೇಡಗಳಿಗೆ ಹೇಳಿ ಮಾಡಿಸಿದ ಜಾಗ. ತಲೆಯೆತ್ತಿ ನೋಡಿದರೆ ತೊಲೆಗಳು ಫಳಫಳ ಹೊಳೆಯುತ್ತಿವೆ.

"ಒಂದು ಬಲೆಯೂ ಇಲ್ವಲ್ಲ ಅಜ್ಜಿ?" ಎಂದೆ.

"ಇರತ್ತಾ ಮತ್ತೆ? ನೀನು ಬರ್ತೀಯ ಅಂತ ಆಳು ಕರೆಸಿ ಎರಡು ದಿನ ಧೂಳು ಹೊಡೆಸಿದೀನಿ. ಮನೆಗೆ ಜನ ಬರೋವಾಗ ಬಲೆ ಇಟ್ಕೊಂಡು ಕೂತಿರ್ತಾರೇನೇ?"

ಕಾಫಿ, ಕೋಡುಬಳೆ ಆಯಿತು. ಹೊರಡುವಾಗ ಕುಂಕುಮದ ಜೊತೆ ಒಂದು ರವಿಕೆ ಕಣ. ಮುಂದಿನ ಮನೆಗಳಲ್ಲೂ ಇದೇ ಕಥೆ. ತಿಂಗಳ ಕೊನೆಗೆ ಗೈಡ್ ಕೇಳಿದರು, "ಎಷ್ಟು ಸಿಕ್ತಮ್ಮ?"

"ಹನ್ನೊಂದು ಸಾರ್."

"ಪರವಾಗಿಲ್ವೇ! ಯಾವ್ಯಾವ ಬಗೆ?"

"ನಾಲ್ಕು ಕಾಟನ್, ಏಳು ಪಾಲಿಯೆಸ್ಟರ್."

೨. ಓರಗಿತ್ತಿಯ ಗೋಡೆ

ಮೂರು ತಿಂಗಳಲ್ಲಿ ಜೇಡ ಸಿಗದಿದ್ದರೆ ವಿಷಯವನ್ನೇ ಬದಲಿಸು ಎಂದುಬಿಟ್ಟರು ಗೈಡ್. ಅಮ್ಮನ ಪಾಠ ಬದಿಗಿಟ್ಟು ಚಾಮರಾಜಪೇಟೆಯಲ್ಲಿ ಹೇಳದೆಯೇ ಒಂದು ಬಾಗಿಲು ತಟ್ಟಿದೆ. ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿ ಪಾಲು ಮಾಡಿಕೊಂಡಿದ್ದ ಮನೆ. ಅಣ್ಣನ ಹೆಂಡತಿ ಬಂದರು.

"ಜೇಡನಾ? ನಮ್ಮಲ್ಲಿ ಎಲ್ಲಿಂದ ಬರಬೇಕು! ನನ್ನ ಓರಗಿತ್ತಿ ಕಡೆ ನೋಡಿ. ಅಲ್ಲಿ ಗೋಡೆ ನಿಂತಿರೋದೇ ಬಲೆ ಆಧಾರದ ಮೇಲೆ." ಕೈಹಿಡಿದು ಕರೆದುಕೊಂಡು ಹೋಗಿ, ತಾವೇ ಟಾರ್ಚ್ ಹಿಡಿದು ಮೂಲೆಮೂಲೆ ತೋರಿಸಿದರು.

ಓರಗಿತ್ತಿ ಸುಮ್ಮನಿರುವವರೇ? "ಆಯ್ತಲ್ಲ ಅಕ್ಕ, ನೋಡಿದ್ರಲ್ಲ? ಈಗ ಬನ್ನಿ ಮೇಡಂ, ಇವರ ಅಟ್ಟ ತೋರಿಸ್ತೀನಿ" ಎಂದು ಏಣಿಯನ್ನೇ ಹೊತ್ತು ತಂದರು.

ಒಂದೇ ಮಧ್ಯಾಹ್ನಕ್ಕೆ ಇಪ್ಪತ್ತಮೂರು ಬಲೆ! ಅಂದಿನಿಂದ ಯಾವ ಮನೆಗೆ ಹೋದರೂ, "ಪಕ್ಕದ ಮನೇಲಿ ಹೇಗೆ?" ಎಂದಷ್ಟೇ ಕೇಳಿದೆ. ವೈವಾ ದಿನ ಪರೀಕ್ಷಕರು ಬೆರಗಾದರು. "ಇಷ್ಟೊಂದು ವಿವರ ಕೊಡೋಕೆ ಜನ ಒಪ್ಪಿದ್ರಾ?"

"ಧಾರಾಳವಾಗಿ ಸಾರ್. ತಮ್ಮ ಮನೆಯದೊಂದು ಬಿಟ್ಟು."

೩. ಕಾವಲು

ಬಲೆಯಲ್ಲಿ ಅಲ್ಲಾಡದೆ ಕೂತ ಜೇಡ ಮಲಗಿದೆಯೋ ಕಾಯುತ್ತಿದೆಯೋ ಎಂಬ ಪ್ರಶ್ನೆ ತಲೆಗೆ ಹತ್ತಿ, ಕ್ರಮೇಣ ನಿದ್ದೆಯ ಅಧ್ಯಯನಕ್ಕೇ ಜಾರಿದೆ. ಮಲ್ಲೇಶ್ವರದ ಒಂದು ಲ್ಯಾಬ್‌ನಲ್ಲಿ ಕಾಂಟ್ರ್ಯಾಕ್ಟ್ ಕೆಲಸ. ಹಿರಿಯರ ಮಧ್ಯಾಹ್ನದ ನಿದ್ದೆಯನ್ನು ದಾಖಲಿಸಬೇಕು. ಹನ್ನೆರಡು ಜನರ ನಿದ್ದೆ ಸಿಕ್ಕರೆ ಕೆಲಸ ಮುಂದುವರಿಯುತ್ತದೆ. ಹನ್ನೊಂದು ಸಿಕ್ಕಿತ್ತು.

ಹನ್ನೆರಡನೆಯವರು ನಿವೃತ್ತ ಹೆಡ್‌ಮಾಸ್ಟರು. ತಲೆತುಂಬ ವೈರು ಅಂಟಿಸಿಕೊಂಡು ಮಂಚದ ಮೇಲೆ ನೆಟ್ಟಗೆ ಕೂತರು.

"ಮಲಗಿ ಸಾರ್."

"ಹೆಣ್ಣುಮಗಳು ಎದುರಿಗೆ ದುಡೀತಾ ಇರುವಾಗ ನಾನು ಕಾಲು ಚಾಚೋದೇ? ಚೆನ್ನಾಗಿರಲ್ಲಮ್ಮ."

ಮೂರು ಮಧ್ಯಾಹ್ನ ಹೀಗೇ ಕಳೆಯಿತು. ಐದನೇ ದಿನ ನನ್ನ ಕೆಲಸ ಮುಂದುವರಿಸಬೇಕೋ ಬೇಡವೋ ಎಂದು ಲ್ಯಾಬ್‌ನ ಸಮಿತಿಯವರು ಬಂದು ನೋಡುವವರಿದ್ದರು. ನಾಲ್ಕನೇ ಮಧ್ಯಾಹ್ನ, ಹೊಟ್ಟೆಯೂ ಹಸಿದಿತ್ತು, ಆಸೆಯೂ ಬತ್ತಿತ್ತು. "ಸಾರ್, ಒಂಚೂರು ಊಟ ಮಾಡ್ಕೊಂಡು ಬರ್ತೀನಿ. ಮೆಷಿನ್ ಕಡೆ ಗಮನ ಇಟ್ಟಿರ್ತೀರಾ?" ಎಂದೆ.

"ನಿಶ್ಚಿಂತೆಯಾಗಿ ಹೋಗಮ್ಮ. ಒಂದು ಸೊಳ್ಳೆ ಒಳಗೆ ಬರೋಕೆ ಬಿಡಲ್ಲ."

ಪಕ್ಕದ ಕೋಣೆಗೆ ಹೋಗಿ ಡಬ್ಬಿ ಬಿಚ್ಚಿದೆ. ಅಲ್ಲಿನ ಪರದೆಯ ಮೇಲೆ ಅವರ ಮಿದುಳಿನ ಗೆರೆಗಳು ಓಡುತ್ತಿದ್ದವು. ಎರಡನೇ ತುತ್ತಿಗೆ ಮಂದವಾದವು. ಮೊಸರನ್ನಕ್ಕೆ ಬರುವ ಹೊತ್ತಿಗೆ ದೊಡ್ಡ ದೊಡ್ಡ ಅಲೆಗಳು, ಗಾಢ ನಿದ್ದೆ! ಅಷ್ಟು ರುಚಿಯಾದ ಮೊಸರನ್ನ ನಾನು ತಿಂದೇ ಇಲ್ಲ.

ಐವತ್ತು ನಿಮಿಷದ ನಂತರ ಒಳಗೆ ಹೋದಾಗ ಗಂಟಲು ಸರಿಮಾಡಿಕೊಂಡು, "ಯಾರೂ ಬರಲಿಲ್ಲಮ್ಮ" ಎಂದು ವರದಿ ಒಪ್ಪಿಸಿದರು.

"ಒಳ್ಳೇ ನಿದ್ದೆ ಮಾಡಿದ್ರಿ ಸಾರ್. ದಾಖಲೆ ಬಳಸಿಕೊಳ್ಳೋಕೆ ಇಲ್ಲೊಂದು ಸಹಿ ಹಾಕಿ."

"ನಿದ್ದೆನಾ? ಕಾವಲಿಗೆ ಕೂತೋನು ನಾನು! ಸುಳ್ಳಿಗೆ ಸಹಿ ಹಾಕಲ್ಲ."

ಗೆರೆಗಳನ್ನೇ ತೋರಿಸಿದೆ. ಕನ್ನಡಕ ಏರಿಸಿ ಉತ್ತರಪತ್ರಿಕೆ ತಿದ್ದುವವರ ಹಾಗೆ ನೋಡಿದರು. "ಇದು ನಿದ್ದೆಯೇ, ಸಂಶಯವಿಲ್ಲ. ಆದರೆ ಮಲಗಿರೋದು ನಿನ್ನ ಮೆಷಿನ್ನು. ನಾನು ನೋಡ್ತಾನೇ ಇದ್ದೆನಲ್ಲ!"

"ಹಾಗಾದ್ರೆ ಮೆಷಿನ್ ಮಲಗಿದ್ದನ್ನ ನಾವು ಬಳಸಿಕೊಳ್ಳಬಹುದಾ ಸಾರ್?"

"ಧಾರಾಳವಾಗಿ. ಅದಕ್ಕೆ ನನ್ನ ತಕರಾರೇನಮ್ಮ?" ಎಂದು ಗುಂಡಗೆ ಸಹಿ ಹಾಕಿದರು. ನನ್ನ ಕೆಲಸ ಉಳಿಯಿತು. ಆ ರಾತ್ರಿ ನಾನೂ ಮೆಷಿನ್ನಿನಷ್ಟೇ ಚೆನ್ನಾಗಿ ಮಲಗಿದೆ.

ಅಂದು ಹೊರಡುವಾಗ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಹೇಳಿದ್ದರು: "ಮಧ್ಯಾಹ್ನದ ಹೊತ್ತು ಯಾರ ಮನೆ ಕಾಯೋಕೆ ಜನ ಬೇಕಿದ್ರೂ ನಾನು ಬರ್ತೀನಿ. ನಾಲ್ಕು ಜನಕ್ಕೆ ಹೇಳಮ್ಮ."

ಹೇಳಿದ್ದೇನೆ. ನೀವೂ ನಾಲ್ಕು ಜನಕ್ಕೆ ಹೇಳಿ.